ಎರಿ ಹೊಲಕ್ಕೆ ಸೀಸಿಯಂ ಬಿದ್ದರೆ ಮೊದಲು ಕುಂಟಿ ಹೂಡಬೇಡಿ

ಪ್ರಶ್ನೆ (ವಿಜಯಪುರ ಜಿಲ್ಲೆ ಬಸವನ ಬಾಗೇವಾಡಿ ತಾಲ್ಲೂಕಿನ ಓದುಗರಿಂದ): ಚೆರ್ನೋಬಿಲ್‌ನ್ಯಾಗ 1986ರಾಗ ಅಣುಸ್ಥಾವರ ಒಡದಿದ್ದು, ಇನ್ನೂ ಆ ನೆಲದಾಗ ಬಿತ್ತಂಗಿಲ್ಲಂತ. ಫುಕುಶಿಮಾದಾಗ ಮಾತ್ರ ಮತ್ತ ಭತ್ತ ಬೆಳ್ಯಾಕತ್ತಾರಂತ. ಹಿಂಗ್ಯಾಕ? ನಮ್ಮದು ಹನ್ನೆರಡು ಎಕರೆ ಎರಿ ಭೂಮಿ. ಹಿಂಗಾರಿ ಜೋಳ, ಕಡ್ಲಿ, ಎರಡು ಎಕರೆ ದ್ರಾಕ್ಷಿ. ಕೈಗಾದಾಗ ಏನರ ಹೆಚ್ಚುಕಡಿಮಿ ಆದ್ರ ನಮ್ಮ ಹೊಲ ಎಷ್ಟು ವರ್ಷ ಕೆಡತೈತಿ? ಸೂರ್ಯಕಾಂತಿ ಬೆಳೆದ್ರ ವಿಷ ಹೀರ್ಕೊಂತೈತಿ, ಪೊಟ್ಯಾಶ್ ಹಾಕಿದ್ರ ಸರಿ ಆಗತೈತಿ ಅಂತಾರ ಮಂದಿ. ಖರೇನ?

ಉತ್ತರ:

ನೀವು ಕೇಳಿದ ಎರಡೂ ಸುದ್ದಿ ಖರೆ. ಚೆರ್ನೋಬಿಲ್‌ನಲ್ಲಿ 1986ರ ಏಪ್ರಿಲ್ 26ರಂದು ಸಿಡಿದದ್ದು ಇಂಧನ ತುಂಬಿದ ಒಡಲೇ. ಇಂಧನದ ಚೂರುಗಳು ಹೊರಗೆ ಹಾರಿದವು, ಒಳಗಿದ್ದ ಗ್ರಾಫೈಟ್ ಸುಮಾರು ಹತ್ತು ದಿನ ಉರಿಯಿತು. ಭಾರದ ಕಣಗಳು, ಅವುಗಳೊಳಗಿನ ಪ್ಲುಟೋನಿಯಂ ಮತ್ತು ಬಹಳಷ್ಟು ಸ್ಟ್ರಾನ್ಶಿಯಂ ಸಹಿತ, ಹೆಚ್ಚಾಗಿ ಸ್ಥಾವರದಿಂದ 30 ಕಿ.ಮೀ. ಒಳಗೇ ಬಿದ್ದವು. ಪ್ಲುಟೋನಿಯಂ-239ರ ಅರ್ಧಾಯುಷ್ಯ (ಇದ್ದದ್ದು ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ) ಸುಮಾರು 24,000 ವರ್ಷ. ಅಲ್ಲಿ ಮತ್ತೆ ಬಿತ್ತುವ ಮಾತು ಮೊಮ್ಮಕ್ಕಳ ಕಾಲಕ್ಕೂ ಬರುವುದಿಲ್ಲ. ಆ ವಲಯದ ಆಚೆ, ಬೆಲಾರಸ್ ಮತ್ತು ಉಕ್ರೇನ್‌ನಲ್ಲಿ ಬರೀ ಸೀಸಿಯಂ (ಅಣು ಇಂಧನದಲ್ಲಿ ಹುಟ್ಟುವ ವಿಕಿರಣ ಸೂಸುವ ಲೋಹ) ಬಿದ್ದ ಹೊಲಗಳ ಕಥೆ ಬೇರೆ. ಅವುಗಳಲ್ಲಿ ಎಷ್ಟೋ ಹೊಲಗಳಲ್ಲಿ ಮತ್ತೆ ಬೇಸಾಯ ನಡೆದಿದೆ. ಫುಕುಶಿಮಾದಲ್ಲಿ 2011ರ ಮಾರ್ಚ್‌ನಲ್ಲಿ ಇಂಧನ ಕರಗಿತಾದರೂ ಹೊರಗೆ ಬಂದದ್ದು ಮುಖ್ಯವಾಗಿ ಕಾವಿಗೆ ಆವಿಯಾಗುವ ಅಯೋಡಿನ್ ಮತ್ತು ಸೀಸಿಯಂ. ಅದರ ದೊಡ್ಡ ಪಾಲು ಗಾಳಿಯ ಜೊತೆ ಸಮುದ್ರದ ಮೇಲೆ ಹೋಯಿತು. ಹಾಗಾಗಿ ಎರಡೂ ಕಡೆ ಕೇಳಬೇಕಾದದ್ದು ಏನು ಬಿತ್ತು, ಎಂಥ ಮಣ್ಣಿನ ಮೇಲೆ ಬಿತ್ತು, ಬಿದ್ದ ಮೇಲೆ ಆ ಮಣ್ಣನ್ನು ಯಾರು ಕದಡಿದರು ಎಂದು. ವರ್ಷದ ಲೆಕ್ಕ ಅದರ ಹಿಂದೆ ಬರುತ್ತದೆ.

ಮೊದಲು ದೂರ. ಕೈಗಾದಿಂದ ಬೆಳಗಾವಿ ನೇರ ಗೆರೆಯಲ್ಲಿ ಸುಮಾರು 110 ಕಿ.ಮೀ., ಬಾಗಲಕೋಟೆ ಸುಮಾರು 200, ವಿಜಯಪುರ ಸುಮಾರು 250. ನಮ್ಮ ದೇಶದಲ್ಲಿ ಸ್ಥಾವರದ ತುರ್ತು ಯೋಜನಾ ವಲಯ 16 ಕಿ.ಮೀ.; ನೀವು ಅದರಿಂದ ಬಹಳ ದೂರ. ಇಂಧನದ ಚೂರು ಅಷ್ಟು ದೂರ ಬರುವ ಭಯ ಇಲ್ಲ. ಆದರೆ ಸೀಸಿಯಂಗೆ ದೂರಕ್ಕಿಂತ ಮಳೆ ಮುಖ್ಯ. ಚೆರ್ನೋಬಿಲ್‌ನಿಂದ ಸುಮಾರು 200 ಕಿ.ಮೀ. ಈಶಾನ್ಯಕ್ಕೆ, ರಷ್ಯಾದ ಬ್ರ್ಯಾನ್ಸ್ಕ್ ಮತ್ತು ಬೆಲಾರಸ್ ಗಡಿಯಲ್ಲಿ, ಮೋಡ ಹಾಯುವ ಹೊತ್ತಿಗೆ ಸರಿಯಾಗಿ ಮಳೆ ಬಿದ್ದು ದೊಡ್ಡ ಕಲೆಯೊಂದು ಉಳಿಯಿತು. ಅದಕ್ಕೂ ಸ್ಥಾವರಕ್ಕೂ ನಡುವಿನ ಎಷ್ಟೋ ಊರುಗಳಲ್ಲಿ ಅಷ್ಟು ಬಿದ್ದಿರಲಿಲ್ಲ. ನಮ್ಮಲ್ಲಿ ಮುಂಗಾರಿನಲ್ಲಿ ಗಾಳಿ ಪಡುವಣದಿಂದ ಒಳನಾಡಿನ ಕಡೆ ಬೀಸುತ್ತದೆ, ಆದರೆ ಅದೇ ಮಳೆ ಘಟ್ಟದಲ್ಲೇ ಬಹುಪಾಲು ತೊಳೆದು ಇಳಿಸುತ್ತದೆ. ಎರಡೂ ಒಟ್ಟಿಗೆ ನಡೆಯುವುದರಿಂದ ಮುಂಚಿತವಾಗಿ ನಕ್ಷೆ ಬರೆದು ಕೊಡಲು ಆಗುವುದಿಲ್ಲ; ಬಿದ್ದ ಮೇಲೆ ಅಳೆದೇ ತಿಳಿಯಬೇಕು.

ಬೀಳುವ ವಸ್ತುಗಳಲ್ಲಿ ಅಯೋಡಿನ್-131ರ ಅರ್ಧಾಯುಷ್ಯ 8 ದಿನ. 80 ದಿನಕ್ಕೆ ಸಾವಿರದ ಒಂದು ಪಾಲು ಉಳಿಯುತ್ತದೆ. ಅದು ಮೇವಿನಿಂದ ಹಾಲಿಗೆ, ಹಾಲಿನಿಂದ ಮಕ್ಕಳ ಗಂಟಲ ಗ್ರಂಥಿಗೆ ಹೋಗುವ ಮೊದಲ ತಿಂಗಳುಗಳ ಅಪಾಯ, ಮಣ್ಣಿನ ಪ್ರಶ್ನೆಯಲ್ಲ. ಮಣ್ಣಿನಲ್ಲಿ ಕೂರುವುದು ಸೀಸಿಯಂ-134 (ಅರ್ಧಾಯುಷ್ಯ 2 ವರ್ಷ) ಮತ್ತು ಸೀಸಿಯಂ-137 (30 ವರ್ಷ). ಫುಕುಶಿಮಾದಲ್ಲಿ ಎರಡೂ ಹೆಚ್ಚುಕಡಿಮೆ ಸಮ ಸಮ ಬಿದ್ದವು. ಒಂದು ಬೆಕ್ವೆರೆಲ್‌ಗೆ ಒಂದು ಬೆಕ್ವೆರೆಲ್ (ಸೆಕೆಂಡಿಗೆ ಒಂದು ಪರಮಾಣು ಸಿಡಿಯುವ ಅಳತೆ) ಹೋಲಿಸಿದರೆ 134ರ ಗಾಮಾ ಕಿರಣದ ಹೊಡೆತ 137ರ ಎರಡೂವರೆ ಪಟ್ಟಿಗಿಂತ ಹೆಚ್ಚು. ಹೀಗಾಗಿ ಯಾರೂ ಏನೂ ಮಾಡದಿದ್ದರೂ ಹೊಲದ ಮೇಲಿನ ವಿಕಿರಣ ಎರಡು ವರ್ಷಕ್ಕೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಇಳಿಯುತ್ತದೆ, ಐದು ವರ್ಷಕ್ಕೆ ಶೇ 38ರ ಆಸುಪಾಸಿಗೆ, ಹತ್ತು ವರ್ಷಕ್ಕೆ ಕಾಲು ಭಾಗಕ್ಕೆ ಬರುತ್ತದೆ. ಅಲ್ಲಿಂದ ಮುಂದೆ 137 ಒಂದೇ ಉಳಿದು ಇಳಿತ ಬಹಳ ನಿಧಾನ. 40 ವರ್ಷಕ್ಕೂ ಅದರ ಶೇ 40 ಇದ್ದೇ ಇರುತ್ತದೆ, 300 ವರ್ಷಕ್ಕೆ ಸಾವಿರದ ಒಂದು ಪಾಲು. ಮೊದಲ ವರ್ಷಗಳ ಇಳಿತ ನೋಡಿ "ಇನ್ನೈದು ವರ್ಷಕ್ಕೆ ಪೂರಾ ಹೋಗುತ್ತದೆ" ಎಂದು ಲೆಕ್ಕ ಹಾಕುವವರು ತಪ್ಪುವುದು ಇಲ್ಲೇ.

ಈಗ ಎರಿ ಮಣ್ಣಿಗೆ ಬರೋಣ. ಸೀಸಿಯಂ ಪೊಟ್ಯಾಶಿಯಂನ ದಾಯಾದಿ. ಬೇರು ಪೊಟ್ಯಾಶ್ ಎಂದುಕೊಂಡೇ ಅದನ್ನು ಒಳಗೆ ಬಿಡುತ್ತದೆ. ಆದರೆ ಮಣ್ಣಿನಲ್ಲಿ ಜಿಗುಟು ಹೆಚ್ಚಿದ್ದರೆ ಬೇರಿಗೆ ಸಿಗುವ ಮೊದಲೇ ಅದು ಸೆರೆಯಾಗುತ್ತದೆ. ಅಭ್ರಕದಿಂದ ಸವೆದು ಬಂದ ಇಲೈಟ್ ಎನ್ನುವ ಜೇಡಿಯ ಪದರಗಳ ಅಂಚು ಬಿಚ್ಚಿಕೊಂಡಿರುತ್ತದೆ. ಸೀಸಿಯಂ ಆ ಸಂದಿಗೆ ಅಳತೆಗೆ ಮಾಡಿದಂತೆ ಕೂತು, ಹೊರಗೆ ಬರುವುದೇ ಅಪರೂಪ. ನಮ್ಮ ಎರಿ ಮಣ್ಣು ಕಪ್ಪು ಶಿಲೆಯಿಂದ ಹುಟ್ಟಿದ್ದು, ಅದರಲ್ಲಿ ಹೆಚ್ಚಿರುವುದು ಸ್ಮೆಕ್ಟೈಟ್. ಅದಕ್ಕೆ ಹಿಡಿಯುವ ಜಾಗ ಬಹಳ, ಆದರೆ ಬೀಗ ಹಾಕುವ ಶಕ್ತಿ ಇಲೈಟ್‌ನಷ್ಟಿಲ್ಲ. ಆದರೂ ಉಸುಕು ಮಣ್ಣಿಗೆ ಹೋಲಿಸಿದರೆ ನಿಮ್ಮ ಹೊಲ ಎಷ್ಟೋ ವಾಸಿ. ಮಣ್ಣಿನ ಕೆ.ಜಿ.ಗೆ 1,000 ಬೆಕ್ವೆರೆಲ್ ಸೀಸಿಯಂ ಇದ್ದರೆ ಜಿಗುಟು ಮಣ್ಣಿನ ಧಾನ್ಯಕ್ಕೆ ಸರಾಸರಿ 10ರ ಸುತ್ತಮುತ್ತ ಏರುತ್ತದೆ, ಉಸುಕಿನಲ್ಲಿ 40ರ ಹತ್ತಿರ. ಅದೇ ಖಾನಾಪುರದ ಕಡೆಯ ಕೆಂಪು ಜಂಬಿಟ್ಟಿಗೆ ಮಣ್ಣು ನೋಡಿ: ಹುಳಿ ಮಣ್ಣು, ಹೆಚ್ಚು ಮಳೆಗೆ ಪೊಟ್ಯಾಶ್ ತೊಳೆದು ಹೋದದ್ದು, ಜೇಡಿಯೂ ಕೆಯೊಲಿನೈಟ್ ಜಾತಿಯದು, ಅದರಲ್ಲಿ ಸೀಸಿಯಂ ಹಿಡಿಯುವ ಸಂದಿ ಕಡಿಮೆ. ಅಷ್ಟೇ ಸೀಸಿಯಂ ಬಿದ್ದರೆ ಅಲ್ಲಿನ ಭತ್ತಕ್ಕೆ ಹೆಚ್ಚು ತಾಪತ್ರಯ. ಬಾದಾಮಿ, ಹುನಗುಂದದ ಮಸಾರಿ ನಡುವಿನದು. ಸ್ಟ್ರಾನ್ಶಿಯಂ ಸುಣ್ಣದ ದಾಯಾದಿ. ನಿಮ್ಮ ಹೊಲದಲ್ಲಿ ಸುಣ್ಣದ ಹರಳು ಕೈಗೆ ಸಿಗುವಷ್ಟಿರುವುದರಿಂದ ಅದರ ಏರಿಕೆಯೂ ಕಡಿಮೆ.

ಇಷ್ಟು ಅನುಕೂಲ ಕೊಟ್ಟ ಎರಿ ಮಣ್ಣು ಒಂದು ಕಡೆ ಕೈ ಕೊಡುತ್ತದೆ: ಬಿರುಕು. ಕದಡದ ಮಣ್ಣಿನಲ್ಲಿ ಸೀಸಿಯಂ ವರ್ಷಕ್ಕೆ ಕೆಲವು ಮಿಲಿಮೀಟರಿನಿಂದ ಹೆಚ್ಚೆಂದರೆ ಒಂದು ಸೆಂ.ಮೀ.ವರೆಗೆ ಮಾತ್ರ ಇಳಿಯುತ್ತದೆ. ಹಲವು ವರ್ಷ ಮೇಲಿನ 5 ಸೆಂ.ಮೀ.ನಲ್ಲೇ ಬಹುಪಾಲು ಇರುತ್ತದೆ. ಜಪಾನಿನಲ್ಲಿ ಮೇಲ್ಪದರ ಕೆರೆದು ಹೊಲ ಉಳಿಸಿಕೊಂಡದ್ದು ಈ ಒಂದು ಗುಣದ ಮೇಲೆ. ಆದರೆ ಜೋಳದ ರಾಶಿಯಾದ ಮೇಲೆ ನಮ್ಮ ಎರಿ ಬಾಯಿ ಬಿಡುತ್ತದೆ. ಕೈ ತೂರುವ ಬಿರುಕು, ಆಳ ಒಂದು ಮೀಟರ್‌ವರೆಗೂ. ಮೇಲಿನ ಧೂಳು, ಹೆಂಟೆಯ ಪುಡಿ ಅದರೊಳಗೆ ಉದುರುತ್ತದೆ, ಮೊದಲ ಮಳೆಗೆ ಬಾಯಿ ಮುಚ್ಚಿಕೊಳ್ಳುತ್ತದೆ. ಬೇಸಿಗೆಯಲ್ಲಿ ಬಿದ್ದದ್ದನ್ನು ಮುಂಗಾರಿನ ನಂತರ 5 ಸೆಂ.ಮೀ. ಕೆರೆದರೆ ಅರ್ಧ ಕೆಲಸವೇ ಆಗುತ್ತದೆ. ಇನ್ನು ನಮ್ಮಲ್ಲಿ ಬಿರುಕು ಮುಚ್ಚಿ ಹಸಿ ಉಳಿಸಲು ಕುಂಟಿ ಹೂಡಿ ಹರಗುವ ರೂಢಿ ಇದೆಯಲ್ಲ, ಬೇರೆ ಯಾವ ಹೊತ್ತಿನಲ್ಲೂ ಅದು ಜಾಣತನ. ಈ ಹೊತ್ತಿನಲ್ಲಿ ಮಾತ್ರ ಅದೇ ಕೆಲಸ ಮೇಲಿನ ಸೀಸಿಯಂನ್ನು ನೀವೇ ಕೈಯಾರೆ ಆಳಕ್ಕೆ ತುಂಬಿದಂತೆ. ರೋಟಾವೇಟರ್ ಹೊಡೆದರೆ ಇನ್ನೂ ಕೆಟ್ಟದು: 5 ಸೆಂ.ಮೀ.ನಲ್ಲಿದ್ದದ್ದು 15 ಸೆಂ.ಮೀ.ಗೆ ಬೆರೆತು, ತೆಗೆಯಬೇಕಾದ ಮಣ್ಣು ಮೂರು ಪಟ್ಟಾಗುತ್ತದೆ.

ಆದ್ದರಿಂದ ಸುದ್ದಿ ಬಂದ ದಿನದಿಂದ ಅಳತೆ ಮುಗಿಯುವವರೆಗೆ ಹೊಲದಲ್ಲಿ ನೇಗಿಲು, ಕುಂಟಿ, ರೋಟಾವೇಟರ್ ಯಾವುದೂ ಬೇಡ. ದನ ಬಿಡಬೇಡಿ. ಸುದ್ದಿ ಬಂದಾಗ ಮೋಡ ಇನ್ನೂ ಬಂದಿಲ್ಲವಾದರೆ ಮೊದಲು ಓಡಬೇಕಾದದ್ದು ಬಣವಿಯ ಕಡೆ. ಫುಕುಶಿಮಾದಲ್ಲಿ ಭತ್ತದ ಹುಲ್ಲನ್ನು ಕೊಯ್ಲಿನ ನಂತರ ಗದ್ದೆಯಲ್ಲೇ ಬಿಟ್ಟಿದ್ದರು. 2011ರ ಮಾರ್ಚ್‌ನಲ್ಲಿ ಅದರ ಮೇಲೆ ಬಿದ್ದ ಸೀಸಿಯಂ ದನದ ಮಾಂಸಕ್ಕೆ ಬಂದು, ಜುಲೈನಲ್ಲಿ ಆ ಪ್ರಾಂತ್ಯದ ದನಗಳ ಸಾಗಣೆಯನ್ನೇ ನಿಲ್ಲಿಸಬೇಕಾಯಿತು. ಮಣ್ಣಿನಿಂದ ಬೇರಿಗೆ ಏರಿದ್ದಲ್ಲ ಅದು, ನೇರ ಮೇಲಿಂದ ಬಿದ್ದದ್ದು. ನಮ್ಮ ಕಣಕಿ ಬಣವಿ, ಕಡ್ಲಿ ಹೊಟ್ಟಿನ ಗುಡ್ಡೆ ಬಯಲಲ್ಲೇ ಇರುತ್ತವೆ. ತಾಡಪತ್ರಿ ಹೊದಿಸಿ ಅಂಚಿಗೆ ಮಣ್ಣು ಒತ್ತಿ. ಬಾವಿ, ನೀರಿನ ತೊಟ್ಟಿ ಮುಚ್ಚಿ. ಹೊದಿಸುವ ಮೊದಲೇ ಬಿದ್ದುಹೋಗಿದ್ದರೆ ಬಣವಿಯ ಹೊರಗಿನ ಪದರನ್ನು ಮಾತ್ರ ತೆಗೆದು ಬೇರೆ ಇಡಿ. ಒಳಗಿನ ಮೇವು ಚೆನ್ನಾಗೇ ಇರುತ್ತದೆ. ಹೊಲದಲ್ಲಿ ಬೆಳೆ ನಿಂತಿದ್ದರೆ ಆ ಹಂಗಾಮಿನ ಬೆಳೆಗೆ ಮೇಲೆ ಹೇಳಿದ 10, 40ರ ಲೆಕ್ಕ ಹಿಡಿಯಬೇಡಿ. ಎಲೆಯ ಮೇಲೆ ಬಿದ್ದದ್ದೇ ಬೇರಿನಿಂದ ಬಂದದ್ದಕ್ಕಿಂತ ಬಹಳ ಹೆಚ್ಚಿರುತ್ತದೆ. ಅಳೆಯದೆ ಆ ಜೋಳ ತಿನ್ನಬಾರದು, ಅದರ ಕಣಕಿಯನ್ನು ದನಕ್ಕೆ ಹಾಕಬಾರದು.

ಅಳತೆಯಲ್ಲಿ ಹೆಚ್ಚು ಬಂದರೆ ಎರಡು ದಾರಿ: ಕೆರೆಯುವುದು, ಇಲ್ಲವೆ ತಿರುವುವುದು.

ಕೆರೆಯುವುದು ಕೇಳಲು ಸುಲಭ. ಒಂದು ಎಕರೆಯ ಮೇಲಿನ 5 ಸೆಂ.ಮೀ. ಮಣ್ಣು ಎಂದರೆ 200 ಘನ ಮೀಟರ್, ನಮ್ಮ ಲೆಕ್ಕದಲ್ಲಿ 71 ಬ್ರಾಸ್ (ಒಂದು ಬ್ರಾಸ್ ಎಂದರೆ 100 ಘನ ಅಡಿ). ಟ್ರಾಕ್ಟರ್ ಟ್ರೇಲರಿಗೆ ಒಂದು ಬ್ರಾಸ್ ಹಿಡಿದರೂ ಎಪ್ಪತ್ತು ಖೇಪು, ನಿಮ್ಮ ಹನ್ನೆರಡು ಎಕರೆಗೆ ಎಂಟುನೂರಕ್ಕೂ ಮೇಲೆ. ತೂಕ ಎಕರೆಗೆ 260 ಟನ್. ಇಷ್ಟು ಮಣ್ಣನ್ನು ಎಲ್ಲಿ ಹಾಕುವುದು ಎನ್ನುವುದೇ ಜಪಾನಿಗೂ ಉಳಿದ ತಲೆನೋವು: ಸುಮಾರು 1.4 ಕೋಟಿ ಘನ ಮೀಟರ್ ಕೆರೆದ ಮಣ್ಣು ಒಕುಮಾ ಮತ್ತು ಫುತಾಬಾದ ತಾತ್ಕಾಲಿಕ ಸಂಗ್ರಹಕ್ಕೆ ಸೇರಿದೆ, ಅದನ್ನು 2045ರೊಳಗೆ ಪ್ರಾಂತ್ಯದ ಹೊರಗೆ ಅಂತಿಮವಾಗಿ ವಿಲೇವಾರಿ ಮಾಡಬೇಕೆಂದು ಕಾನೂನೇ ಇದೆ.

ಎರಿಯಲ್ಲಿ ಕೆರೆಯಲು ಹದ ಸಿಗುವುದೂ ಕಷ್ಟ. ಒದ್ದೆ ಇದ್ದರೆ ಬ್ಲೇಡಿಗೆ ಅಂಟಿ ಪದರು ಹರಿದು ಬರುತ್ತದೆ, ಪೂರಾ ಒಣಗಿದ್ದರೆ ಹೆಂಟೆ ಕಿತ್ತು ಬಂದು ಒಂದು ಕಡೆ 3, ಇನ್ನೊಂದು ಕಡೆ 10 ಸೆಂ.ಮೀ. ಆಗುತ್ತದೆ, ಧೂಳು ಬೇರೆ ಏಳುತ್ತದೆ. ಹಿಡಿಯಲ್ಲಿ ಒತ್ತಿದರೆ ಉಂಡೆಯಾಗಿ, ಬೆರಳಿಗೆ ಮೆತ್ತದ ಹದದಲ್ಲಿ ಮಾಡಬೇಕು. ಕೆರೆಯುವ ಮೊದಲು ಸುಣ್ಣದ ನೀರು ಸಿಂಪಡಿಸಿ ಮೇಲ್ಮೈ ಬಿಳಿ ಮಾಡಿ; ಆಮೇಲೆ ಎಲ್ಲಿ ಬಿಳಿ ಉಳಿದಿದೆಯೋ ಅಲ್ಲಿ ಬ್ಲೇಡ್ ತಾಗಿಲ್ಲ ಎಂದು ಕಣ್ಣಿಗೇ ಕಾಣುತ್ತದೆ. ಜಪಾನಿನಲ್ಲಿ ಮಣ್ಣು ಗಟ್ಟಿ ಮಾಡಲು ಸಿಂಪಡಿಸಿದ ಪುಡಿ ಬಿಳಿಯಾಗಿ ಇದೇ ಕೆಲಸ ಮಾಡಿತು. ಬಿರುಕು ಬಿಟ್ಟಿದ್ದರೆ ಬಿರುಕಿನ ಬಾಯಿಯ ಎರಡೂ ಕಡೆ ಒಂದು ಗೇಣು ಅಗಲ, ಇನ್ನೂ ಐದಾರು ಸೆಂ.ಮೀ. ಹೆಚ್ಚು ಆಳ ತೆಗೆಯಬೇಕಾಗುತ್ತದೆ. ಚೆನ್ನಾಗಿ ಮಾಡಿದರೆ ಸೀಸಿಯಂನ ನಾಲ್ಕರಲ್ಲಿ ಮೂರು ಪಾಲಿಗೂ ಹೆಚ್ಚು ಹೋಗುತ್ತದೆ. ಅದರ ಜೊತೆ ಹೊಲದ ಸತ್ವವೂ ಹೋಗುತ್ತದೆ ಎನ್ನುವುದನ್ನು ಮರೆಯಬೇಡಿ. ತಿಪ್ಪಿ ಗೊಬ್ಬರ ಹಾಕಿ ಕಟ್ಟಿಕೊಳ್ಳಲು ಮೂರ್ನಾಲ್ಕು ವರ್ಷ ಹಿಡಿದೀತು.

ಸಾಧಾರಣ ಮಟ್ಟದ ಮಾಲಿನ್ಯಕ್ಕೆ ನನ್ನ ಒಲವು ತಿರುವುವ ಕಡೆ. ಪಲ್ಟಿ ನೇಗಿಲಿನಿಂದ ಮೇಲಿನ ಪದರವನ್ನು ಪೂರ್ತಿ ಮಗುಚಿ 30 ಸೆಂ.ಮೀ. ಕೆಳಗೆ ಹಾಕಿ ಮೇಲೆ ಸ್ವಚ್ಛ ಮಣ್ಣು ತರುವುದು. 30 ಸೆಂ.ಮೀ. ಮಣ್ಣಿನ ಹೊದಿಕೆ ಕೆಳಗಿನ ಸೀಸಿಯಂನ ಗಾಮಾ ಕಿರಣವನ್ನು ಶೇ 95ಕ್ಕಿಂತ ಹೆಚ್ಚು ತಡೆಯುತ್ತದೆ. ನಿಜವಾದ ನೇಗಿಲು ಅಷ್ಟು ಅಚ್ಚುಕಟ್ಟಾಗಿ ಮಗುಚುವುದಿಲ್ಲ, ಸ್ವಲ್ಪ ಬೆರೆತೇ ಬೆರೆಯುತ್ತದೆ. ಮಣ್ಣಿನ ಆಳ ಒಂದೂವರೆ ಅಡಿಗಿಂತ ಕಡಿಮೆ ಇದ್ದು ಕೆಳಗೆ ಗರಸು ಸಿಗುವ ಮಡ್ಡಿಯಲ್ಲಿ ಇದು ಆಗದ ಕೆಲಸ: ಸೀಸಿಯಂ ಕೆಳಗೆ ಹೋಗುವ ಬದಲು ಗರಸು ಮೇಲೆ ಬರುತ್ತದೆ. ಮತ್ತೆ, ತಿರುವುವುದು ಒಂದೇ ಸಲ. ಮರುವರ್ಷ ಅದೇ ಆಳಕ್ಕೆ ಹೊಡೆದರೆ ಹೂತದ್ದು ಮೇಲೆ ಬರುತ್ತದೆ. ಆಮೇಲೆ ಹತ್ತಾರು ವರ್ಷ 10–12 ಸೆಂ.ಮೀ. ದಾಟದ ಹರಗುವಿಕೆ ಮಾತ್ರ. ಕೆರೆಯುವ ಯೋಚನೆ ಇದ್ದರೆ ತಿರುವುವ ಮೊದಲೇ ನಿರ್ಧರಿಸಬೇಕು, ತಿರುವಿದ ಮೇಲೆ ಕೆರೆಯಲು ಏನೂ ಉಳಿಯುವುದಿಲ್ಲ.

ಪೊಟ್ಯಾಶ್ ಬಗ್ಗೆ ಮಂದಿ ಹೇಳುವುದು ಅರ್ಧ ಖರೆ. ಅದು ಸೀಸಿಯಂನ್ನು ಹೊಲದಿಂದ ಕಳಿಸುವುದಿಲ್ಲ, ಬೇರಿನ ಬಾಗಿಲಲ್ಲಿ ಗದ್ದಲ ಎಬ್ಬಿಸಿ ಅದಕ್ಕೆ ಒಳಗೆ ಹೋಗಲು ಬಿಡುವುದಿಲ್ಲ. ಫುಕುಶಿಮಾದ ಭತ್ತದ ಗದ್ದೆಗಳಿಗೆ ಕೊಟ್ಟ ಗುರಿ 100 ಗ್ರಾಂ ಮಣ್ಣಿಗೆ 25 ಮಿ.ಗ್ರಾಂ ಲಭ್ಯ ಪೊಟ್ಯಾಶ್. ನಮ್ಮ ಮಣ್ಣು ಆರೋಗ್ಯ ಕಾರ್ಡಿನ ಭಾಷೆಗೆ ತಂದರೆ ಅದು ಹೆಕ್ಟೇರಿಗೆ ಸುಮಾರು 560 ಕೆ.ಜಿ. ಇಲ್ಲಿ ಒಂದು ಬಲೆ ಇದೆ. ಬೆಳೆಯ ಲೆಕ್ಕದಲ್ಲಿ 336 ಕೆ.ಜಿ. ದಾಟಿದರೇ ಕಾರ್ಡಿನಲ್ಲಿ "ಹೆಚ್ಚು" ಎಂದು ಬರುತ್ತದೆ, ರೈತರು ಸುಮ್ಮನಾಗುತ್ತಾರೆ. ಸೀಸಿಯಂ ಲೆಕ್ಕಕ್ಕೆ ಅದು ಸಾಲದು. ಉದಾಹರಣೆಗೆ ಕಾರ್ಡಿನಲ್ಲಿ 400 ಇದ್ದರೆ ಇನ್ನೂ 160 ಬೇಕು. 60 ಶೇಕಡಾ ಪೊಟ್ಯಾಶ್ ಇರುವ ಎಂಒಪಿ (ಪೊಟ್ಯಾಶಿಯಂ ಕ್ಲೋರೈಡ್ ಗೊಬ್ಬರ) ಹೆಕ್ಟೇರಿಗೆ 267 ಕೆ.ಜಿ., ಎಕರೆಗೆ 108 ಕೆ.ಜಿ., ಎಂದರೆ 50 ಕೆ.ಜಿ.ಯ ಎರಡು ಚೀಲದ ಮೇಲೆ ಸ್ವಲ್ಪ. 600 ದಾಟಿದ ಎರಿ ಹೊಲಗಳೂ ಇವೆ, ಅಲ್ಲಿ ಚೀಲ ಸುರಿದು ಹೆಚ್ಚಿನ ಲಾಭ ಇಲ್ಲ. ದ್ರಾಕ್ಷಿಗೆ ಎಂಒಪಿಯ ಕ್ಲೋರೈಡ್ ಆಗದು, ಎಸ್‌ಒಪಿಯೇ (ಪೊಟ್ಯಾಶಿಯಂ ಸಲ್ಫೇಟ್) ಬಳಸಿ. ಸವಳು-ಜವಳು ಇರುವ ನೀರಾವರಿ ಹೊಲಕ್ಕೂ ಅದೇ ಮಾತು. ಬಿತ್ತನೆಗೆ ಮೊದಲೇ ಪೊಟ್ಯಾಶ್ ಸಿಗುವಂತಿರಬೇಕು. ಯೂರಿಯಾ, ಅಮೋನಿಯಂ ಗೊಬ್ಬರ ಮಾತ್ರ ಮಿತಿ ಮೀರಬಾರದು. ಅಮೋನಿಯಂ ಅಯಾನು ಜೇಡಿಯ ಅದೇ ಸಂದಿಗೆ ಪೈಪೋಟಿ ಮಾಡಿ ಸೆರೆಯಾದ ಸೀಸಿಯಂನ್ನು ಬಿಡಿಸಿ ಬೇರಿಗೆ ಒಪ್ಪಿಸುತ್ತದೆ. ಪೊಟ್ಯಾಶ್ ಹಾಕಿ, ಮೇಲೆ ಎರಡು ಚೀಲ ಯೂರಿಯಾ ಎರಚಿ, "ಏನೂ ಆಗಲಿಲ್ಲ" ಅನ್ನುವುದು ಹೀಗೆ. ಸುಣ್ಣ ಹಾಕುವ ಸಲಹೆ ಖಾನಾಪುರದ ಹುಳಿ ಮಣ್ಣಿಗೆ ಸರಿ, ನಿಮ್ಮ ಎರಿಗೆ ದಂಡ.

ಸೂರ್ಯಕಾಂತಿಯ ಮಾತಿಗೆ ಉತ್ತರ ಚಿಕ್ಕದು. ಜಪಾನಿನ ಕೃಷಿ ಸಚಿವಾಲಯ 2011ರಲ್ಲೇ ಬೆಳೆದು ನೋಡಿತು. ಗಿಡ ಎತ್ತಿಕೊಂಡದ್ದು ಮಣ್ಣಿನಲ್ಲಿದ್ದ ಸೀಸಿಯಂನ ಸುಮಾರು ಎರಡು ಸಾವಿರದ ಒಂದು ಪಾಲು. 137 ತಾನಾಗಿಯೇ ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಕರಗುತ್ತದೆ! ಮೇಲಾಗಿ ಜಿಗುಟು ಮಣ್ಣು ಧಾನ್ಯಕ್ಕೆ ಸೀಸಿಯಂ ಏರದಂತೆ ಕಾಯುವುದು ಯಾವ ಕಾರಣಕ್ಕೋ ಅದೇ ಕಾರಣಕ್ಕೆ ಸೂರ್ಯಕಾಂತಿಗೂ ಏರಲು ಬಿಡುವುದಿಲ್ಲ. ಆದರೆ ಬೆಳೆಯಾಗಿ ಸೂರ್ಯಕಾಂತಿ ಒಳ್ಳೆಯ ಆಯ್ಕೆಯೇ: ಸೀಸಿಯಂ ಎಣ್ಣೆಗೆ ಹೋಗುವುದಿಲ್ಲ, ಹಿಂಡಿಯಲ್ಲಿ ಉಳಿಯುತ್ತದೆ. ಹಿಂಡಿಯನ್ನು ದನಕ್ಕೆ ಹಾಕುವ ಮೊದಲು ಮಾತ್ರ ಅಳೆಸಬೇಕು.

ಈ ಜಾಡು ಹಿಡಿದು ನಮ್ಮ ಬೆಳೆಗಳನ್ನೆಲ್ಲ ಒಮ್ಮೆ ನೋಡಬಹುದು. ಜೋಳಕ್ಕಿಂತ ಕಡ್ಲಿ, ತೊಗರಿಯಂಥ ದ್ವಿದಳಕ್ಕೆ ಸೀಸಿಯಂ, ಸ್ಟ್ರಾನ್ಶಿಯಂ ಎರಡೂ ಹೆಚ್ಚು ಏರುತ್ತವೆ. ಅಕ್ಕಿಯಲ್ಲಿ ತವುಡು ತೆಗೆದರೆ ಅರ್ಧಕ್ಕೂ ಹೆಚ್ಚು ಹೋಗುತ್ತದೆ, ನಮ್ಮ ರೊಟ್ಟಿಗೆ ಇಡೀ ಕಾಳೇ ಹಿಟ್ಟಾಗುವುದರಿಂದ ಆ ರಿಯಾಯಿತಿ ಇಲ್ಲ. ಕಬ್ಬಿನಲ್ಲಿ ಸೀಸಿಯಂ ಪೊಟ್ಯಾಶ್‌ನ ಬೆನ್ನು ಹಿಡಿದು ಕಾಕಂಬಿಗೆ ಹೋಗುತ್ತದೆ, ಸಕ್ಕರೆಯ ಹರಳಿಗೆ ಹೆಚ್ಚುಕಡಿಮೆ ಏನೂ ಬರುವುದಿಲ್ಲ. ಅದೇ ರಸ ಮುಧೋಳ, ಮಹಾಲಿಂಗಪುರದ ಆಲೆಮನೆಗೆ ಹೋದರೆ ರಸದಲ್ಲಿದ್ದದ್ದೆಲ್ಲ ಬೆಲ್ಲದಲ್ಲಿ ಗಟ್ಟಿಯಾಗುತ್ತದೆ. ಒಂದೇ ಹೊಲದ ಕಬ್ಬು, ಎರಡು ಫಲಿತಾಂಶ.

ದ್ರಾಕ್ಷಿಯದೂ ಹಾಗೇ. ಹಣ್ಣಾಗಿ ಪರೀಕ್ಷೆಯಲ್ಲಿ ಪಾಸಾದದ್ದು ಮನೂಕೆಯಾದಾಗ ಫೇಲಾಗಬಹುದು: ನಾಲ್ಕು ಕೆ.ಜಿ. ಹಣ್ಣು ಒಂದು ಕೆ.ಜಿ.ಗೆ ಒಣಗಿದರೆ ಕೆ.ಜಿ. ಲೆಕ್ಕದ ಸೀಸಿಯಂ ನಾಲ್ಕು ಪಟ್ಟು. ಫುಕುಶಿಮಾದಲ್ಲಿ ಅಂಪೊ-ಗಾಕಿ ಎನ್ನುವ ಒಣ ಹಣ್ಣಿಗೆ ಆದದ್ದು ಇದೇ; 2011, 2012ರಲ್ಲಿ ಅದರ ಮಾರಾಟ ನಿಂತು 2013ರಲ್ಲಿ ಮತ್ತೆ ಶುರುವಾಯಿತು. ಅಲ್ಲಿ ಹಣ್ಣಿಗೆ ಬಂದ ಸೀಸಿಯಂನ ಬಹುಪಾಲು ಬೇರಿನದಲ್ಲ, ತೊಗಟೆಯ ಮೇಲೆ ಬಿದ್ದು ಒಳಗೆ ಇಳಿದದ್ದು. ಅದಕ್ಕೇ ಚಳಿಗಾಲದಲ್ಲಿ ಮರಗಳ ತೊಗಟೆಯನ್ನು ಜೋರು ನೀರಿನಲ್ಲಿ ತೊಳೆದರು. ನಿಮ್ಮ ಬಳ್ಳಿಗೆ ಏಪ್ರಿಲ್ ಚಾಟ್ನಿಯ (ಬಳ್ಳಿ ಸವರುವ) ಹೊತ್ತು ಒಳ್ಳೆಯದು: ಸಡಿಲ ತೊಗಟೆ ಸುಲಿದು, ಕತ್ತರಿಸಿದ ಕಡ್ಡಿಯನ್ನೆಲ್ಲ ತೋಟದ ಹೊರಗೆ ಹಾಕಿ. ಸುಡಬೇಡಿ. ಸುಟ್ಟರೆ ಸೀಸಿಯಂ ಬೂದಿಯಲ್ಲಿ ಹಲವು ಹತ್ತು ಪಟ್ಟು ಗಟ್ಟಿಯಾಗುತ್ತದೆ. ಕಬ್ಬಿನ ರವದಿ, ಒಲೆಯ ಸೌದೆ, ಕುಳ್ಳು ಎಲ್ಲದಕ್ಕೂ ಇದೇ ನಿಯಮ. ಅಂಥ ಬೂದಿ ಪಾತ್ರೆ ತಿಕ್ಕಲೂ ಬೇಡ, ಹೊಲಕ್ಕೂ ಬೇಡ.

ದನಗಳ ಮೂಲಕ ಸೀಸಿಯಂ ಸುತ್ತು ಹೊಡೆಯುತ್ತದೆ: ಕಣಕಿ, ಸಗಣಿ, ತಿಪ್ಪಿ, ಮತ್ತೆ ಹೊಲ. ಜಪಾನಿನಲ್ಲಿ ದನದ ಮೇವಿಗೆ ಕೆ.ಜಿ.ಗೆ 100, ಗೊಬ್ಬರಕ್ಕೆ 400 ಬೆಕ್ವೆರೆಲ್ ಮಿತಿ ಇಟ್ಟರು. ಸ್ವಚ್ಛ ಮೇವಿಗೆ ಬದಲಾಯಿಸಿದರೆ ಹಾಲಿನ ಸೀಸಿಯಂ ವಾರಗಳಲ್ಲೇ ಇಳಿಯುತ್ತದೆ. ಮೇವು ಸಿಗದ ಕಡೆ ಚೆರ್ನೋಬಿಲ್ ನಂತರ ದನಕ್ಕೆ ದಿನಕ್ಕೆ 3 ಗ್ರಾಂನಂತೆ ಪ್ರಷ್ಯನ್ ಬ್ಲೂ ಜಾತಿಯ ಪುಡಿ ತಿನ್ನಿಸಿದರು. ಕರುಳಿನಲ್ಲೇ ಸೀಸಿಯಂ ಹಿಡಿದು ಸಗಣಿಗೆ ಕಳಿಸುತ್ತದೆ. ಪಶುವೈದ್ಯರ ಕೈಯಿಂದ ಆಗಬೇಕಾದ ಕೆಲಸ, ಬಣ್ಣದಂಗಡಿಯ ನೀಲಿ ಪುಡಿ ಅಲ್ಲ. ತುಪ್ಪಕ್ಕೆ ಸೀಸಿಯಂ ಬಹಳ ಕಡಿಮೆ ಬರುತ್ತದೆ, ಮಜ್ಜಿಗೆಯಲ್ಲಿ ಉಳಿಯುತ್ತದೆ.

ನೀರಿನ ಬಗ್ಗೆ: ಆಳದ ಬೋರಿನ ನೀರಿಗೆ ಸೀಸಿಯಂ ಇಳಿಯುವುದಿಲ್ಲ, ದಾರಿಯಲ್ಲೇ ಜೇಡಿ ಹಿಡಿದುಬಿಡುತ್ತದೆ. ಅದು ಪ್ರಯಾಣ ಮಾಡುವುದು ಮಣ್ಣಿನ ಜೊತೆ. ಮುಂಗಾರಿನ ಮೊದಲ ಹುಚ್ಚು ಮಳೆಗೆ ಹೊಲದ ಮೇಲ್ಪದರ ಒಡ್ಡಿನ ಬುಡಕ್ಕೆ, ಕೃಷಿ ಹೊಂಡಕ್ಕೆ, ಹಳ್ಳಕ್ಕೆ, ಕಡೆಗೆ ಆಲಮಟ್ಟಿಯ ಹಿನ್ನೀರಿನ ಹೂಳಿಗೆ ಹೋಗಿ ಕೂರುತ್ತದೆ. ನೀರು ತಿಳಿಯಾಗಿದ್ದರೆ ಬಹುಪಾಲು ಸೀಸಿಯಂ ತಳದಲ್ಲಿದೆ ಎಂದು ಅರ್ಥ. ಕೆರೆಯ ಗೋಡು ತಂದು ಹೊಲಕ್ಕೆ ಹರಡುವ ನಮ್ಮ ರೂಢಿ ಅಂಥ ವರ್ಷಗಳಲ್ಲಿ ಅಳತೆ ಇಲ್ಲದೆ ನಡೆಯಕೂಡದು.

ಇನ್ನು ನಿಮ್ಮ "ಎಷ್ಟು ವರ್ಷ". ಒಂದು ಲೆಕ್ಕ ಹಾಕೋಣ. ಚದರ ಮೀಟರಿಗೆ ಎರಡೂ ಸೀಸಿಯಂ ತಲಾ 2 ಲಕ್ಷ ಬೆಕ್ವೆರೆಲ್ ಬಿತ್ತು ಎಂದುಕೊಳ್ಳಿ, ಕಡಿಮೆಯೇನಲ್ಲ. 15 ಸೆಂ.ಮೀ. ಆಳಕ್ಕೆ ಬೆರೆತರೆ ಕೆ.ಜಿ. ಮಣ್ಣಿಗೆ ಒಟ್ಟು 2,000ದ ಸುಮಾರು. ಫುಕುಶಿಮಾದಲ್ಲಿ 2011ರಲ್ಲಿ ಭತ್ತ ನಾಟಿಗೆ ಇಟ್ಟ ಮಿತಿ 5,000, ಅದರೊಳಗೇ ಇದೆ. ಮರುವರ್ಷದ ಜೋಳದಲ್ಲಿ 20ರಿಂದ 80 ಬರಬಹುದು. ಜಪಾನಿನ ಈಗಿನ ಆಹಾರ ಮಿತಿ 100. ಕೆ.ಜಿ.ಗೆ 100 ಇರುವ ಧಾನ್ಯವನ್ನು ವರ್ಷಕ್ಕೆ 150 ಕೆ.ಜಿ. ತಿಂದರೂ ದೇಹಕ್ಕೆ ಬರುವುದು ಸುಮಾರು 0.2 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ). ಅದೇ ಹೊಲದ ಮೇಲೆ ನಿಂತರೆ ಮೊದಲಿಗೆ ಗಂಟೆಗೆ ಸುಮಾರು 1.5 ಮೈಕ್ರೋಸೀವರ್ಟ್, ವರ್ಷಕ್ಕೆ 2,000 ಗಂಟೆ ದುಡಿದರೆ 3 ಮಿಲಿಸೀವರ್ಟ್. ಸಾರ್ವಜನಿಕರಿಗೆ ಇಟ್ಟ ಮಿತಿ 1. ಎಂದರೆ ಎರಿ ಹೊಲದಲ್ಲಿ ಕಾಳಿಗಿಂತ ಮೊದಲು ಕೆಡುವುದು ದುಡಿಯುವವರ ಲೆಕ್ಕ. ಏನೂ ಮಾಡದಿದ್ದರೆ ಅದು 1ರ ಕೆಳಗೆ ಬರಲು ಆರೇಳು ವರ್ಷ. ಕದಡದೆ ಕಾಯ್ದು ಸರಿಯಾಗಿ ಕೆರೆದರೆ ಅಥವಾ ತಿರುವಿದರೆ ಒಂದೆರಡು ವರ್ಷದಲ್ಲೇ. ಹತ್ತು ಪಟ್ಟು ಹೆಚ್ಚು ಬಿದ್ದರೆ ಈ ಉಪಾಯ ಸಾಲದು, ಹೊಲವನ್ನು ತಲೆಮಾರಿಗೆ ಬಿಡಬೇಕಾದೀತು.

ಫುಕುಶಿಮಾ ಪ್ರಾಂತ್ಯದಲ್ಲಿ 2012ರಿಂದ ಪ್ರತಿಯೊಂದು ಅಕ್ಕಿ ಚೀಲವನ್ನೂ ಯಂತ್ರದಡಿ ಹಾಯಿಸಿದರು, ವರ್ಷಕ್ಕೆ ಸುಮಾರು ಒಂದು ಕೋಟಿ ಚೀಲ. 2015ರ ಬೆಳೆಯಿಂದ ಒಂದೂ ಮಿತಿ ದಾಟಲಿಲ್ಲ. ಮಣ್ಣಿನ ಸೀಸಿಯಂ ಅಷ್ಟರಲ್ಲಿ ಹೋಗಿರಲಿಲ್ಲ, ಪೊಟ್ಯಾಶ್ ಮತ್ತು ಕೆರೆತದ ಕೆಲಸ ಅದು.

ಕೊನೆಗೆ ಅಳತೆ. ಅಂಗಡಿಯಲ್ಲಿ ಸಿಗುವ ಗೈಗರ್ ಮೀಟರ್ ಕಾಳಿನ 100 ಬೆಕ್ವೆರೆಲ್ ಹಿಡಿಯಲಾರದು. ಎಂಒಪಿ ಚೀಲದ ಪಕ್ಕ ಇಟ್ಟರೆ ಮಾತ್ರ ಟಿಕ್ ಟಿಕ್ ಹೆಚ್ಚುತ್ತದೆ, ಏಕೆಂದರೆ 50 ಕೆ.ಜಿ. ಚೀಲದಲ್ಲಿ ನೈಸರ್ಗಿಕ ಪೊಟ್ಯಾಶಿಯಂ-40 ಏಳೂವರೆ ಲಕ್ಷ ಬೆಕ್ವೆರೆಲ್‌ಗೂ ಹೆಚ್ಚಿದೆ. ವಿಜಯಪುರದ ಕಪ್ಪು ಶಿಲೆಯಿಂದ ಇಳಕಲ್ಲಿನ ಗ್ರಾನೈಟ್ ಕಡೆ ಹೋದರೂ ಮೀಟರ್ ಏರುತ್ತದೆ, ಅದು ಅಪಘಾತವಲ್ಲ. ಕೃಷಿ ವಿಜ್ಞಾನ ಕೇಂದ್ರದ ಮಣ್ಣು ಪರೀಕ್ಷೆ ಪೊಟ್ಯಾಶ್ ತಿಳಿಯಲು ಬೇಕು, ಸೀಸಿಯಂ ಅದರಲ್ಲಿ ಕಾಣುವುದಿಲ್ಲ. ಅದಕ್ಕೆ ಗಾಮಾ ಸ್ಪೆಕ್ಟ್ರೋಮೀಟರ್ ಬೇಕು. ಭಾಭಾ ಅಣು ಸಂಶೋಧನಾ ಕೇಂದ್ರದ ಪರಿಸರ ಸಮೀಕ್ಷಾ ಪ್ರಯೋಗಾಲಯ ಕೈಗಾದಲ್ಲೇ ಇದೆ. ಸ್ಟ್ರಾನ್ಶಿಯಂಗೆ ಗಾಮಾ ಇಲ್ಲ, ರಾಸಾಯನಿಕವಾಗಿ ಬೇರ್ಪಡಿಸಿ ವಾರಗಟ್ಟಲೆ ಕಾಯಬೇಕು. ಅದರ ವರದಿ ತಡವಾದರೆ ಗಾಬರಿ ಬೇಡ.

ಮಾದರಿ ತೆಗೆಯುವಾಗ ಹೊಲದ ನಾಲ್ಕು ಮೂಲೆ ಮತ್ತು ನಡುವೆ, ಒಡ್ಡಿನಿಂದ ಹತ್ತು ಹೆಜ್ಜೆ ಒಳಗೆ, ಬಿರುಕಿಲ್ಲದ ಕಡೆ ಕೊಳವೆ ಇಳಿಸಿ. 0–5, 5–15, 15–30 ಸೆಂ.ಮೀ. ಬೇರೆ ಬೇರೆ ಚೀಲ. ಕೆಳಗಿನ ಪದರಕ್ಕೆ ಮೇಲಿನ ಪುಡಿ ಉದುರದಂತೆ ಪ್ರತಿ ಸಲ ಕೊಳವೆ ಒರೆಸಿ. ಐದೂ ಕಡೆಯ ಒಂದೇ ಆಳದ ಮಣ್ಣನ್ನು ಕೂಡಿಸಿ ಒಂದು ಕೆ.ಜಿ. ಮಾಡಿ. ಬಿರುಕಿನೊಳಗಿನದು, ಒಡ್ಡಿನ ಬುಡದ್ದು, ಹೊಂಡದ ಹೂಳು ಪ್ರತ್ಯೇಕ ಮಾದರಿ, ಇವನ್ನು ಹೊಲದ ಸರಾಸರಿಗೆ ಬೆರೆಸಿದರೆ ಅಂಕಿ ಹಾಳು. ಚೀಲದ ಮೇಲೆ ಸರ್ವೆ ನಂಬರ್, ಆಳ, ಕೊಳವೆಯ ವ್ಯಾಸ ಬರೆಯಿರಿ; ವ್ಯಾಸ ಗೊತ್ತಿದ್ದರೆ ಮಾತ್ರ ಚದರ ಮೀಟರಿನ ಲೆಕ್ಕ ಬರುತ್ತದೆ. ತೆಗೆದ ದಿನಾಂಕವನ್ನೂ ಬರೆಯಿರಿ, ದಿನಾಂಕ ಇಲ್ಲದಿದ್ದರೆ ಸೀಸಿಯಂ-134ರ ಅಂಕಿಯನ್ನು ಹಿಂದಿನ ದಿನಕ್ಕೆ ಹೊಂದಿಸಲು ಪ್ರಯೋಗಾಲಯದವರಿಗೂ ಆಗುವುದಿಲ್ಲ.